ಗೆಳೆಯನಿಗೊಂದು ಪತ್ರ: ನಿನ್ನ ಗೋಡೆಯ ಮೇಲಿನ ಅಜ್ಜನ ವಿಷಯ

ಲೋ ಕುಳ್ಳ,

ಫೋನಿನಲ್ಲಿ ಕೇಳಿದರೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ ಅಂತ ನಿನಗೂ ಗೊತ್ತು. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ಜಾರುವುದು ಸ್ವಲ್ಪ ಕಷ್ಟ. ಹಾಸನದ ಕೊಡೆಯ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನಿನ್ನ ತಾಯ್‌ಚಿ ಕ್ಲಾಸಿನ ಗೋಡೆಯ ಮೇಲೆ ಉದ್ದ ನಿಲುವಂಗಿ ತೊಟ್ಟು, ಗಡ್ಡ ಬಿಟ್ಟು ನಿಂತಿದ್ದಾನಲ್ಲ, ಆ ಸಣಕಲು ಅಜ್ಜ, ಚೀನಾದ ಸಮರಕಲೆಯ ಗುರು ಸುನ್ ಲುಟಾಂಗ್. ಕೆಲವು ದಿನಗಳಿಂದ ಅವನು ನನ್ನ ತಲೆ ತಿನ್ನುತ್ತಿದ್ದಾನೆ. ನೀನು ಅವನ ಸ್ಮರಣೆಗೆ ಏನೋ ಕಾರ್ಯಕ್ರಮ ಮಾಡುತ್ತೇನೆ, ನಾಲ್ಕು ಮಾತು ಬರೆದುಕೊಡು ಅಂದೆಯಲ್ಲ, ಅಲ್ಲಿಂದ ಶುರು. ಬರೆಯೋಣ ಅಂತ ಓದಲು ಕೂತೆ. ಕೂರಬಾರದಿತ್ತು.

ಮೊದಲ ಅರ್ಧ ಮಜವಾಗಿಯೇ ಇತ್ತು. 1860ರಲ್ಲಿ ಹೆಬೆ ಪ್ರಾಂತ್ಯದ ಬಡ ಮನೆಯಲ್ಲಿ ಹುಟ್ಟಿದ ಹುಡುಗ ಮೊದಲು ಶಿಂಗ್‌ಯಿ ಅನ್ನುವ ಸಮರಕಲೆ ಕಲಿಯುತ್ತಾನೆ. ಹೇಳಿಕೊಟ್ಟವರಲ್ಲಿ ಒಬ್ಬ ಗುವೊ ಯುನ್‌ಶೆನ್, ಅರ್ಧ ಹೆಜ್ಜೆ ಮುಂದಿಟ್ಟು ಒಂದೇ ಗುದ್ದಿಗೆ ಎದುರಾಳಿಯನ್ನು ಮಲಗಿಸುತ್ತಿದ್ದ ಅಂತ ಹೆಸರು. ಜೈಲಿನಲ್ಲಿ ಕಾಲಿಗೆ ಬೇಡಿ ಇದ್ದಾಗ ಆ ಅರ್ಧ ಹೆಜ್ಜೆ ಹುಟ್ಟಿತು ಅನ್ನುವ ಕಥೆ ನನಗೆ ಬಹಳ ಇಷ್ಟ, ನಿಜವೋ ಸುಳ್ಳೋ ಯಾರಿಗೆ ಬೇಕು! ಆಮೇಲೆ ಬೀಜಿಂಗ್‌ನಲ್ಲಿ ಬಾಗುವಾ ಅನ್ನುವ ಇನ್ನೊಂದು ಸಮರಕಲೆ ಕಲಿತದ್ದು ಚೆಂಗ್ ಟಿಂಗ್‌ಹುವಾ ಹತ್ತಿರ. ಅವನದು ಕನ್ನಡಕದ ವ್ಯಾಪಾರ, ಜನ ಕರೆಯುತ್ತಿದ್ದದ್ದೇ ಕನ್ನಡಕದ ಚೆಂಗ್ ಅಂತ. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಅಡಗಿಸಲು ವಿದೇಶಿ ಸೈನ್ಯಗಳು ಬೀಜಿಂಗ್‌ಗೆ ನುಗ್ಗಿದಾಗ ಆ ಗಲಾಟೆಯಲ್ಲಿ ಸತ್ತುಹೋದ. ಎಂಥಾ ಕೈಚಳಕ ಇದ್ದರೂ ಬಂದೂಕಿನ ಮುಂದೆ ಏನು ನಡೆಯುತ್ತದೆ ಹೇಳು. ಗುರು ಗುವೊ ಕುದುರೆ ಓಡಿಸುವಾಗ ಶಿಷ್ಯ ಸುನ್ ಅದರ ಬಾಲ ಹಿಡಿದು ಹಿಂದೆ ಓಡುತ್ತಿದ್ದ ಅನ್ನುವ ಕಥೆಯನ್ನು ನೀನು ಎಷ್ಟು ಸಲ ಹೇಳಿದ್ದೀಯ ಅಂದರೆ ಈಗ ಕುದುರೆಗೂ ಬೇಜಾರಾಗಿರಬೇಕು.

ನಾನು ಸಿಕ್ಕಿಹಾಕಿಕೊಂಡದ್ದು ಹಾವೊ ವೇಜೆನ್ ಬರುವ ಜಾಗದಲ್ಲಿ.

1912ರ ಸುಮಾರು. ಅಜ್ಜನಿಗೆ ಆಗ ಐವತ್ತು ದಾಟಿತ್ತು. ಶಿಂಗ್‌ಯಿಯಲ್ಲೂ ಬಾಗುವಾದಲ್ಲೂ ದೊಡ್ಡ ಹೆಸರು, ಕೈಕೆಳಗೆ ಶಿಷ್ಯರು. ಬೀಜಿಂಗ್‌ಗೆ ಬಂದಿದ್ದ ಹಾವೊ ಕಾಯಿಲೆ ಬಿದ್ದ. ಅಷ್ಟೇನೂ ಪರಿಚಯ ಇಲ್ಲದ ಆ ಮನುಷ್ಯನಿಗೆ ಸುನ್ ವೈದ್ಯರನ್ನು ಕರೆಸಿ ಆರೈಕೆ ಮಾಡಿದ. ಹುಷಾರಾದ ಮೇಲೆ ಈ ಋಣ ಹೇಗೆ ತೀರಿಸಲಿ ಅಂತ ಹಾವೊಗೆ ಚಡಪಡಿಕೆ. ಅವನ ಹತ್ತಿರ ಇದ್ದದ್ದು ತಾಯ್‌ಚಿ, ಅದನ್ನೇ ಹೇಳಿಕೊಟ್ಟ. ಸುನ್ ಮತ್ತೆ ಒಂದನೇ ಕ್ಲಾಸಿಗೆ ಸೇರಿದ ಹುಡುಗನ ಹಾಗೆ ಕಲಿತ. ಕಲಿತದ್ದನ್ನು ಮುಚ್ಚಿಡಲೂ ಇಲ್ಲ. 1921ರಲ್ಲಿ ಬಂದ ತಾಯ್‌ಚಿ ಪುಸ್ತಕದ ಮುನ್ನುಡಿಯಲ್ಲಿ ತಾನೇ ಇದನ್ನೆಲ್ಲ ಬರೆದುಕೊಂಡಿದ್ದಾನೆ.

ಇವತ್ತು ನೀನು ಹೇಳಿಕೊಡುವ ಸುನ್ ಶೈಲಿ ಇದೆಯಲ್ಲ, ಒಂದು ಕಾಲು ಮುಂದೆ ಹೋದರೆ ಇನ್ನೊಂದು ಬೆನ್ನಿಗೇ ಬರುವುದು, ದಿಕ್ಕು ಬದಲಿಸುವಾಗ ಅಂಗೈ ಎರಡೂ ಎದುರುಬದುರು ಎದೆಯ ಮುಂದೆ ತಂದು, ಭುಜದಗಲ ತೆರೆದು, ಮತ್ತೆ ಮುಖದಗಲಕ್ಕೆ ಮುಚ್ಚುವುದು, ಅದೆಲ್ಲ ಹುಟ್ಟಿದ್ದು ಆ ವಯಸ್ಸಿನ ಮೇಲೆ. ಮೊಣಕಾಲು ಜಾಸ್ತಿ ಬಗ್ಗಿಸಬೇಕಿಲ್ಲ. ಆಸ್ಟ್ರೇಲಿಯಾದ ಡಾಕ್ಟರ್ ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತದವರಿಗೆ ಅಂತ ಒಂದು ಅಭ್ಯಾಸಕ್ರಮ ಮಾಡುವಾಗ ಇದೇ ಶೈಲಿಯನ್ನು ಆಧಾರ ಮಾಡಿಕೊಂಡದ್ದು ಸುಮ್ನೆ ಅಲ್ಲ.

ನನ್ನ ಡಾಕ್ಟರೂ ಮೊಣಕಾಲು ಒತ್ತಿ ನೋಡಿ ತಾಯ್‌ಚಿ ಮಾಡಿ ಅಂದಿದ್ದರು. ನಿನಗೆ ಹೇಳಿರಲಿಲ್ಲ. ನಿನ್ನ ಕ್ಲಾಸು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ನಾನು ಸೇರಿದ್ದು ಊರಿನ ಆ ತುದಿಯಲ್ಲಿ, ಬಸ್ಸು ಬದಲಿಸಿ ಹೋಗಬೇಕಾದ ಜಾಗದಲ್ಲಿ. ಅಲ್ಲಿ ನನ್ನ ಕೈ ಹಲಸಿನಹಣ್ಣು ತಬ್ಬಿಕೊಂಡವನ ಹಾಗೆ ತೆರೆದುಕೊಳ್ಳುತ್ತದೆ. ಇಪ್ಪತ್ತೈದರ ಹುಡುಗಿ ಬಂದು, ಅಂಕಲ್, ಭುಜ ಇಳಿಸಿ ಅಂತ ಮೊಣಕೈ ತಟ್ಟುತ್ತಾಳೆ. ಅದು ಪರವಾಗಿಲ್ಲ, ಅವಳು ನನಗೆ ಯಾರೂ ಅಲ್ಲ. ಆದರೆ ನನ್ನ ರೆಕಾರ್ಡ್ ಬುಕ್ ಕಾಪಿ ಹೊಡೆದು ಪಾಸಾದ ನೀನು ಬಂದು ನನ್ನ ಮೊಣಕೈ ತಟ್ಟುವುದಿದೆಯಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅಹಂಕಾರ ಅಂತ ನಕ್ಕುಬಿಡಬಹುದಿತ್ತು. ನೀನು ಕೆಲಸ ಬಿಟ್ಟು ಇದಕ್ಕೇ ಇಳಿದಾಗ ಎಲ್ಲರಿಗಿಂತ ಜೋರಾಗಿ ಭೇಷ್ ಅಂದವನು ನಾನು. ಒಳಗೊಳಗೆ ಮಾತ್ರ ನೀನು ವಾಪಸ್ ಬರುತ್ತೀಯ ಅಂತ ಕಾಯುತ್ತಿದ್ದೆ. ಬಂದರೆ ಏನು ಸಮಾಧಾನ ಹೇಳಬೇಕು ಅಂತಲೂ ಯೋಚಿಸಿಟ್ಟಿದ್ದೆ, ಆ ಮಾತು ಈಗಲೂ ಬಾಯಿಪಾಠ ಇದೆ. ನೀನು ಬರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ ಕಣೋ. ಯಾರದೋ ಗೆಲುವಾದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು, ನಿನ್ನದು ಪಕ್ಕದ ರಸ್ತೆಯಲ್ಲೇ ಬೋರ್ಡು ಹಾಕಿಕೊಂಡು ಕೂತಿದೆ.

ಸಾಕು. ಇಷ್ಟು ಬರೆಯುವುದು ಲೆಕ್ಕದಲ್ಲಿ ಇರಲಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಅಂದೆನಲ್ಲ, ಅವರಲ್ಲಿ ನಮ್ಮ ಬ್ಯಾಚಿನವರೇ ಮೂರು ಜನ, ಈ ಪ್ಯಾರಾ ಸ್ಕ್ರೀನ್‌ಶಾಟ್ ಆಗಿ ಆಗಲೇ ಗ್ರೂಪಿಗೆ ಹೋಗಿರುತ್ತದೆ. ಹೋಗಲಿ. ಹಾಸನದ ಕೊಡೆ ಬೇಕಾದರೆ ನೀವೇ ಎತ್ತಿಕೊಳ್ಳಿ.

ಕಾರ್ಯಕ್ರಮಕ್ಕೆ ನಾಲ್ಕು ಮಾತು ಬರೆದುಕೊಡುವುದಿಲ್ಲ. ಅಪ್ಪನ ವಿದ್ಯೆಯನ್ನು 2003ರಲ್ಲಿ ಸಾಯುವವರೆಗೂ ಉಳಿಸಿಕೊಂಡು ಬಂದ ಮಗಳು ಸುನ್ ಜಿಯಾನ್‌ಯುನ್ ಬಗ್ಗೆ ನೀನೇ ಮಾತಾಡು, ನಿನಗೆ ಚೆನ್ನಾಗಿ ಗೊತ್ತು. ಫೋಟೋಗೆ ಹಾರ ಹಾಕುವಾಗ ದಯವಿಟ್ಟು ಮುಖ ಮುಚ್ಚುವಷ್ಟು ದಪ್ಪದ್ದು ತರಬೇಡ. ಸೋಮವಾರದ ಬೆಳಗಿನ ಬ್ಯಾಚಿಗೆ ನನ್ನ ಹೆಸರು ಬರೆದುಕೋ, ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ. ಮೊಣಕೈ ತಟ್ಟು, ಅಡ್ಡಿಯಿಲ್ಲ. ಅಂಕಲ್ ಅಂದರೆ ಮಾತ್ರ ಫೀಸು ಕೊಡುವುದಿಲ್ಲ.

ನಿನ್ನ,
ರೆಕಾರ್ಡ್ ಬುಕ್