ಜನರೇ ಇಳಿಸುತ್ತಾರೆ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಅಧ್ಯಕ್ಷ ನಯೀಬ್ ಬುಕೆಲೆ ಇನ್ನು ಎಷ್ಟು ಸಲ ಬೇಕಾದರೂ ಚುನಾವಣೆಗೆ ನಿಲ್ಲಬಹುದು ಎಂಬುದನ್ನು ಮೆಚ್ಚಿ ಓದುಗರೊಬ್ಬರು ಬರೆದ ಪತ್ರ ಓದಿದೆ. ‘ಬೇಡವಾದರೆ ಜನರೇ ಇಳಿಸುತ್ತಾರೆ, ನಡುವೆ ಕೋರ್ಟಿಗೇನು ಕೆಲಸ?’ ಎಂಬುದು ಅವರ ವಾದ. ಆದರೆ ಅಲ್ಲಿ ಯಾವುದು ಮೊದಲು ನಡೆಯಿತು ಎಂದು ನೋಡಬೇಕು. 2021ರ ಮೇ 1ರಂದು ಬುಕೆಲೆ ಪಕ್ಷದ ಬಹುಮತವಿದ್ದ ಹೊಸ ಸಂಸತ್ತು ಕೂತ ಮೊದಲ ದಿನವೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಐವರು ನ್ಯಾಯಾಧೀಶರನ್ನು ತೆಗೆದುಹಾಕಿತು. ಅವರ ಜಾಗಕ್ಕೆ ಬಂದವರು ಸೆಪ್ಟೆಂಬರಿನಲ್ಲಿ, ಅಧ್ಯಕ್ಷರು ಬೆನ್ನಿಗೇ ಮತ್ತೆ ನಿಲ್ಲಬಹುದು ಎಂದರು. 2024ರಲ್ಲಿ ಬುಕೆಲೆ ಗೆದ್ದರು. 2025ರ ಜುಲೈನಲ್ಲಿ, ಎಷ್ಟು ಸಲ ಅಧ್ಯಕ್ಷರಾಗಬಹುದು ಎಂಬ ಮಿತಿಯೇ ಹೋಯಿತು. ಜನರ ಪ್ರೀತಿ ಅಷ್ಟಿದ್ದರೆ ನ್ಯಾಯಾಧೀಶರನ್ನು ಮನೆಗೆ ಕಳಿಸುವ ಅವಸರ ಏನಿತ್ತು?

‘ಜನರೇ ಇಳಿಸುತ್ತಾರೆ’ ಎನ್ನುವುದು ಎಷ್ಟು ಕಷ್ಟ ಎಂದು ನಮ್ಮ ಕಡೆಯ ಒಂದು ಸೊಸೈಟಿಯಲ್ಲಿ ನೋಡಿದ್ದೇನೆ. ಅಪ್ಪ ಅದರ ಹಳೆಯ ಷೇರುದಾರರು. ಬೆಳೆಸಾಲವನ್ನು ಕಬ್ಬಿನ ಬಿಲ್ ಬಂದ ಕೂಡಲೇ ಕಟ್ಟುವವರು. ಚುನಾವಣೆ ಬಂದಾಗ ಅನರ್ಹ ಮತದಾರರ ಪಟ್ಟಿ ಅಂಟಿಸಿದರು, ಅದರಲ್ಲಿ ಅಪ್ಪನ ಹೆಸರು! ಎದುರಿಗೆ ‘ಸಾಮಾನ್ಯ ಸಭೆಗೆ ಗೈರು’ ಎಂಬ ಷರಾ. ಸಭೆಯ ನೋಟಿಸೇ ಮನೆಗೆ ಬಂದಿರಲಿಲ್ಲ. ವರ್ಷಗಟ್ಟಲೆ ಒಬ್ಬರೇ ಅಧ್ಯಕ್ಷರು. ಹಾಜರಿ ಪುಸ್ತಕ ಅವರ ಕೈಯಲ್ಲಿ, ನೋಟಿಸ್ ಹಂಚುವ ಸಿಪಾಯಿಯೂ ಅವರು ಇಟ್ಟವನೇ. ಕೆಲವರು ಸೇರಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ಮಧ್ಯಂತರ ಆದೇಶ ತಂದ ಮೇಲೆಯೇ ಅಪ್ಪನಿಗೆ ಮತಪತ್ರ ಸಿಕ್ಕಿತು. ಕೋರ್ಟು ಯಾರನ್ನೂ ಗೆಲ್ಲಿಸಲಿಲ್ಲ, ಸೋಲಿಸಲಿಲ್ಲ. ಮತ ಹಾಕಲು ಬಿಡಿ ಎಂದಿತು, ಅಷ್ಟೆ. ಸೊಸೈಟಿಯಲ್ಲೇ ಹೀಗಾದರೆ ಪೊಲೀಸು, ಖಜಾನೆ ಎಲ್ಲ ಕೈಯಲ್ಲಿರುವ ಅಧ್ಯಕ್ಷರನ್ನು ಇಳಿಸುವುದು ಸುಮ್ನೆ ಮಾತಾ?

ನಮ್ಮ ಪ್ರಧಾನಿಗೂ ಅವಧಿಯ ಮಿತಿ ಇಲ್ಲವಲ್ಲ ಎಂದು ಕೇಳಬಹುದು. ಲೋಕಸಭೆಯ ವಿಶ್ವಾಸ ಹೋದ ದಿನ ಪ್ರಧಾನಿ ಇಳಿಯಲೇಬೇಕು. 1999ರಲ್ಲಿ ಒಂದೇ ಮತದಿಂದ ಸರ್ಕಾರ ಬಿದ್ದದ್ದನ್ನು ನೋಡಿದವರು ನಾವು. ಜನರಿಂದ ನೇರವಾಗಿ ಆಯ್ಕೆಯಾದ ಅಧ್ಯಕ್ಷರನ್ನು ಹಾಗೆ ಇಳಿಸಲು ಬರುವುದಿಲ್ಲ.

ಕೊಲಂಬಿಯಾದ ಅಧ್ಯಕ್ಷರಾಗಿದ್ದ ಅಲ್ವಾರೊ ಉರಿಬೆಯೂ ಬಹಳ ಜನಪ್ರಿಯರಾಗಿದ್ದರು. ಅವರ ಮೂರನೇ ಅವಧಿಗೆ ದಾರಿ ಮಾಡಲು ಜನಮತ ಕೇಳುವ ಕಾನೂನು ಬಂತು. 2010ರ ಫೆಬ್ರುವರಿ 26ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ 7–2 ಬಹುಮತದಿಂದ ಅದನ್ನು ರದ್ದು ಮಾಡಿತು. ತಿದ್ದುಪಡಿ ಮಾಡಿ, ಆದರೆ ಆ ಹೆಸರಲ್ಲಿ ಸಂವಿಧಾನವನ್ನೇ ಬೇರೆ ಮಾಡಬೇಡಿ ಎಂದಿತು. 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಉರಿಬೆ ತೀರ್ಪು ಒಪ್ಪಿಕೊಂಡರು.

ಎಲ್ಲ ಕೋರ್ಟುಗಳೂ ಹೀಗೆ ಗಟ್ಟಿ ನಿಲ್ಲುತ್ತವೆ ಎಂದು ನಾನು ಹೇಳುವುದಿಲ್ಲ. ಬೊಲಿವಿಯಾದಲ್ಲಿ ಆದದ್ದು ನನಗೆ ಜಾಸ್ತಿ ನೋವು ಕೊಡುತ್ತದೆ. ಅಲ್ಲಿ ಅಧ್ಯಕ್ಷರಾಗಿದ್ದ ಎವೊ ಮೊರಾಲೆಸ್ ಕೋಕಾ ಎಲೆ ಬೆಳೆಗಾರರ ಸಂಘದಿಂದ ಬಂದ ನಾಯಕ. ರೈತನಾಗಿ ನನಗೆ ಅವರ ಮೇಲೆ ಅಭಿಮಾನವಿತ್ತು. ಇನ್ನೊಂದು ಅವಧಿ ಬೇಕೇ ಎಂದು 2016ರಲ್ಲಿ ಜನರನ್ನೇ ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ ಬೇಡ ಎಂದರು. ಮರುವರ್ಷ ಸಂವಿಧಾನ ನ್ಯಾಯಮಂಡಳಿ, ಮಿತಿ ಹಾಕುವುದೇ ಮಾನವ ಹಕ್ಕಿಗೆ ವಿರುದ್ಧ ಎಂದು ಬಾಗಿಲು ತೆರೆಯಿತು. ಅಲ್ಲಿಗೆ ಜನರ ಮತಕ್ಕೆ ಏನು ಬೆಲೆ ಉಳಿಯಿತು? 2019ರ ಚುನಾವಣೆ ಗಲಭೆಯಲ್ಲಿ ಮುಗಿಯಿತು. ಮೊರಾಲೆಸ್ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. ಮತ್ತೆ ಮತ್ತೆ ಆಯ್ಕೆಯಾಗುವುದು ಮಾನವ ಹಕ್ಕಲ್ಲ ಎಂದು ಅಮೆರಿಕ ಖಂಡದ ದೇಶಗಳ ಮಾನವ ಹಕ್ಕು ನ್ಯಾಯಾಲಯ 2021ರಲ್ಲಿ ಸ್ಪಷ್ಟಪಡಿಸಿತು. 2023ರಲ್ಲಿ ಬೊಲಿವಿಯಾದ ನ್ಯಾಯಮಂಡಳಿಯೇ ತನ್ನ ಹಳೆಯ ನಿಲುವು ಕೈಬಿಟ್ಟಿತು.

ನಿಮ್ಮಲ್ಲಿ ಒಂದು ವಿನಂತಿ. ಇಂಥ ತೀರ್ಪಿನ ಸುದ್ದಿ ಹಾಕುವಾಗ, ತೀರ್ಪು ಕೊಟ್ಟ ನ್ಯಾಯಾಧೀಶರನ್ನು ಯಾರು ನೇಮಿಸಿದರು, ಯಾವಾಗ ನೇಮಿಸಿದರು ಎಂಬ ಎರಡು ಸಾಲನ್ನೂ ದಯವಿಟ್ಟು ಸೇರಿಸಿ.

– ಒಬ್ಬ ಕಬ್ಬು ಬೆಳೆಗಾರ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ