ತಿರುಗಿಸಿದಷ್ಟೂ ಬೆರೆಯುತ್ತದೆ ಎನ್ನುವುದು ತಪ್ಪು

ಮಾನ್ಯ ಸಂಪಾದಕರೇ,

ಪುಡಿ, ಕಾಳುಗಳ ಮಿಶ್ರಣದ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದು ಖುಷಿಯಾಯಿತು. ಆದರೆ ‘ಡ್ರಮ್ ಜಾಸ್ತಿ ಹೊತ್ತು ತಿರುಗಿದಷ್ಟೂ ಒಳಗಿನದು ಚೆನ್ನಾಗಿ ಬೆರೆಯುತ್ತದೆ’ ಎಂಬ ಮಾತು ಸರಿಯಲ್ಲ. ಎಷ್ಟೋ ಸಲ ಆಗುವುದು ಇದರ ಉಲ್ಟಾ.

ಅಡ್ಡ ಮಲಗಿಸಿದ ಡ್ರಮ್ಮಿಗೆ ಸಣ್ಣ, ದೊಡ್ಡ ಕಾಳುಗಳನ್ನು ಕಲಸಿ ಅರ್ಧದಷ್ಟು ತುಂಬಿ ತಿರುಗಿಸಿದರೆ, ಕೆಲವೇ ಸುತ್ತುಗಳಲ್ಲಿ ಸಣ್ಣವು ನಡುವೆ ಗುಂಪಾಗುತ್ತವೆ, ದೊಡ್ಡವು ಅಂಚಿಗೆ ಸರಿಯುತ್ತವೆ. ಯಾಕೆಂದರೆ ಅಲ್ಲಿ ಹರಿಯುವುದು ಮೇಲಿನ ತೆಳು ಪದರ ಮಾತ್ರ. ಉಳಿದ ರಾಶಿ ಒಂದೇ ಗಟ್ಟಿ ವಸ್ತುವಿನ ಹಾಗೆ ಡ್ರಮ್ಮಿನ ಜೊತೆ ಸುಮ್ನೆ ಸುತ್ತುತ್ತದೆ. ಪದರ ಹರಿಯುವಾಗ ಕಾಳುಗಳ ಮಧ್ಯೆ ಸಂದು ಬೀಳುತ್ತದೆ. ಸಣ್ಣವು ಆ ಸಂದಿನಲ್ಲಿ ಕೆಳಕ್ಕೆ ನುಸುಳಿ, ಅರ್ಧ ದಾರಿಯಲ್ಲೇ ರಾಶಿಗೆ ಸೇರಿಬಿಡುತ್ತವೆ. ದೊಡ್ಡವು ಇಳಿಜಾರಿನ ಕೊನೆತನಕ ಉರುಳುತ್ತವೆ.

ಡ್ರಮ್ ಉದ್ದವಾಗಿದ್ದರೆ ಇನ್ನೂ ವಿಚಿತ್ರ. ತುಂಬ ಹೊತ್ತು ತಿರುಗಿಸಿದರೆ ಸಣ್ಣ ಕಾಳಿನ ಪಟ್ಟೆ, ದೊಡ್ಡ ಕಾಳಿನ ಪಟ್ಟೆ ಎಂದು ಉದ್ದಕ್ಕೂ ಸಾಲಾಗಿ ಮೂಡಬಹುದು. ಇದನ್ನು ಜಪಾನಿನ ಸಂಶೋಧಕ ಒಯಾಮ 1939ರಲ್ಲೇ ವರದಿ ಮಾಡಿದ್ದರು. ಅರ್ಧಕ್ಕಿಂತ ಜಾಸ್ತಿ ತುಂಬಿದರಂತೂ ನಡುವಿನ ತಿರುಳು ಹರಿಯುವ ಪದರಕ್ಕೆ ಬರುವುದೇ ಕಷ್ಟ.

ಹಾಗಾದರೆ ವೇಗ ಹೆಚ್ಚಿಸಿದರೆ ಸಾಕಲ್ವಾ? ಅದಕ್ಕೂ ಮಿತಿ ಇದೆ. 1 ಮೀಟರ್ ಅಡ್ಡಳತೆಯ ಡ್ರಮ್ ನಿಮಿಷಕ್ಕೆ ಸುಮಾರು 42 ಸುತ್ತು ದಾಟಿದರೆ ಗೋಡೆಗೆ ತಾಗಿದ ಕಾಳು ಅಲ್ಲೇ ಅಂಟಿಕೊಂಡು ಸುತ್ತತೊಡಗುತ್ತದೆ.

ತೀರಾ ನಿಧಾನವಾಗಿ ತಿರುಗಿಸಿದಾಗ ಆಗುವುದು ಲೇಖನದಲ್ಲಿ ಬರಲೇ ಇಲ್ಲ. ನನಗೆ ತುಂಬ ಇಷ್ಟವಾದ ಭಾಗ ಅದು. ಇಳಿಜಾರು ಡ್ರಮ್ಮಿನ ಜೊತೆಗೇ ಮೇಲೇಳುತ್ತದೆ. ಎಲ್ಲೋ ನಾಲ್ಕು ಕಾಳು ಕದಲುತ್ತವೆ, ಮರುಕ್ಷಣ ಇಡೀ ಮುಖವೇ ಜರಿಯುತ್ತದೆ. ಕೆಲವೇ ಡಿಗ್ರಿ ತಗ್ಗಿ ನಿಲ್ಲುತ್ತದೆ, ಮತ್ತೆ ಏರುತ್ತದೆ. ಜರಿಯಲು ಶುರುವಾಗುವ ಕೋನ ಬೇರೆ, ನಿಲ್ಲುವ ಕೋನ ಬೇರೆ. ಮರಳು ನೀರಿನಂತಲ್ಲ ಎನ್ನಲು ಇಷ್ಟು ಸಾಕು. 1987ರಲ್ಲಿ ಬಾಕ್, ಟ್ಯಾಂಗ್, ವೀಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿಗಳು ಮರಳು ರಾಶಿಯನ್ನು ಮಾದರಿಯಾಗಿಟ್ಟುಕೊಂಡು, ಚಿಕ್ಕದರಿಂದ ಭಾರಿಯವರೆಗೆ ಎಲ್ಲ ಗಾತ್ರದ ಕುಸಿತಗಳೂ ಆಗುತ್ತವೆ ಎಂದರು. ಆದರೆ ನಿಜವಾದ ಡ್ರಮ್ಮಿನಲ್ಲಿ ಯೇಗರ್, ಲಿಯು, ನಾಗೆಲ್ 1989ರಲ್ಲಿ ನೋಡಿದಾಗ ದೊಡ್ಡ ಕುಸಿತಗಳು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಬಂದವು. ಮುಂದೆ 1996ರಲ್ಲಿ ನಾರ್ವೆಯ ಸಂಶೋಧಕರು ಅಕ್ಕಿ ರಾಶಿ ಮಾಡಿ ನೋಡಿದರು. ಉದ್ದನೆಯ ಅಕ್ಕಿಯಲ್ಲಿ ಮಾತ್ರ ಆ ಮಾದರಿ ಹೇಳಿದಂಥ ಕುಸಿತಗಳು ಸಿಕ್ಕವು. ಕಾಳಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ!

ಇದು ಬರೀ ಕುತೂಹಲದ ಮಾತಲ್ಲ. ಮಾತ್ರೆ ತಯಾರಿಸುವಾಗ ಔಷಧದ ಪುಡಿ ಸಮವಾಗಿ ಬೆರೆಯದಿದ್ದರೆ ಒಂದು ಮಾತ್ರೆಯಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಆಗುತ್ತದೆ. ಒಳಗೆ ಅಡ್ಡಪಟ್ಟಿ ಹಾಕುವುದು, ತುಂಬುವ ಪ್ರಮಾಣ ಇಳಿಸುವುದು, ರಾಶಿಯ ಒಳಗಿನಿಂದಲೂ ಮಾದರಿ ತೆಗೆದು ಪರೀಕ್ಷಿಸುವುದು, ಇವೆಲ್ಲ ಇದಕ್ಕೇ. ಮೇಲಿಂದ ನೋಡಿ ‘ಬೆರೆತಿದೆ’ ಎನ್ನಲು ಬರುವುದಿಲ್ಲ.

ದಯವಿಟ್ಟು ಆ ಸಾಲನ್ನು ತಿದ್ದಿ ಪ್ರಕಟಿಸಿ. ಸಾಧ್ಯವಾದರೆ ಡ್ರಮ್ಮಿನ ಒಳನೋಟದ ಒಂದು ಚಿತ್ರವನ್ನೂ ಹಾಕಿ. ಹರಿಯುವ ಪದರ ಎಷ್ಟು ತೆಳು ಎನ್ನುವುದು ಚಿತ್ರ ನೋಡಿದರೆ ಮಕ್ಕಳಿಗೂ ತಿಳಿಯುತ್ತದೆ.

ಇಂತಿ,
ನಿಮ್ಮ ಓದುಗ