ಅಕ್ಕನಿಗೆ, ಮತ್ತು ನಿಮ್ಮೆಲ್ಲರಿಗೂ

ಕಳೆದ ಭಾನುವಾರ ನನ್ನ ದೀಕ್ಷಾಸ್ನಾನವಾಯಿತು, ನೀರಿನ ಸಂಸ್ಕಾರದಿಂದ ಕ್ರೈಸ್ತ ಸಭೆಗೆ ಸೇರಿದೆ. ಬಂದವರಿಗೂ ಬರಲಾಗದೆ ಫೋನು ಮಾಡಿದವರಿಗೂ ಒಬ್ಬೊಬ್ಬರಾಗಿ ಉತ್ತರಿಸಲು ಆಗಲಿಲ್ಲ. ಅದಕ್ಕೇ ಈ ಬರಹ. ಅಪ್ಪನ ಕಾಯಿಲೆ, ಆಸ್ಪತ್ರೆಯ ಓಡಾಟ, ಕೊನೆಗೆ ಆದದ್ದು ಎಲ್ಲವೂ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ.

ಆಗ ನನ್ನ ಮುಖವನ್ನೂ ನೋಡಿರದೆ ಬಂದು ರಕ್ತ ಕೊಟ್ಟ ಯುವಜನ ಸಂಘದ ಹುಡುಗರಿಗೆ, ನನ್ನ ಕೆಲಸವನ್ನೂ ಹೊತ್ತ ಸಹೋದ್ಯೋಗಿಗಳಿಗೆ, ಅವಸರಪಡಿಸದೆ ಕಾದ ಸಭಾಪಾಲಕರಿಗೆ (ಚರ್ಚಿನ ಪಾದ್ರಿಗೆ), ಬುಧವಾರದ ಪ್ರಾರ್ಥನಾ ಗುಂಪಿಗೆ ನಾನು ಋಣಿ. ಉಳಿದದ್ದೆಲ್ಲ ಅಕ್ಕನ ಲೆಕ್ಕಕ್ಕೆ, ಸಭೆಯಲ್ಲಿರುವ, ನಾನು ಅಕ್ಕ ಎಂದು ಕರೆಯುವವರ ಲೆಕ್ಕಕ್ಕೆ. ಹೆಸರು ಹಾಕಕೂಡದು ಎಂದು ಅವರು ಕಟ್ಟಪ್ಪಣೆ ಮಾಡಿದ್ದಾರೆ. ಹಾಕುವುದಿಲ್ಲ, ಸಭೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆ ಕೊನೆಯ ರಾತ್ರಿ ತೀವ್ರ ನಿಗಾ ಘಟಕದ ಹೊರಗೆ ಕುಳಿತಿದ್ದೆ. ಬಂದವರೆಲ್ಲ ಒಂದೊಂದು ಸಮಾಧಾನದ ಮಾತು ಹೇಳಿ ಹೊರಟರು. ಅಕ್ಕ ಹೊರಡಲಿಲ್ಲ. ಚಪ್ಪಲಿ ಕಳಚಿ, ಕಾಲು ಮೇಲೆ ಮಡಚಿಕೊಂಡು, ಇನ್ನು ಏಳುವ ಯೋಚನೆಯೇ ಇಲ್ಲ ಎನ್ನುವ ಹಾಗೆ ಪಕ್ಕದ ಕುರ್ಚಿಯಲ್ಲಿ ಕೂತರು. ಕಷ್ಟದಲ್ಲಿರುವವರ ಮುಂದೆ ಧರ್ಮದ ಗಂಟು ಬಿಚ್ಚುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು, ಈಗಲೂ ಇದೆ. ಇವರೂ ಶುರುಮಾಡುತ್ತಾರೆ ಎಂದು ಕಾದೆ. ಶುರುಮಾಡಲಿಲ್ಲ. ಕೊನೆಗೆ ಆ ಮೌನವನ್ನು ತಾಳಲಾರದೆ ನಾನೇ, "ನಿಮ್ಮ ಪುಸ್ತಕದಿಂದ ಏನಾದರೂ ಓದಿ" ಎಂದೆ.

ಅವರು ಸತ್ಯವೇದ, ಅಂದರೆ ಬೈಬಲ್, ತೆರೆದು ಅದರ ಪ್ರಾರ್ಥನಾಗೀತೆಗಳಲ್ಲಿ ಒಂದಾದ ಕೀರ್ತನೆ 88ನ್ನು ತೆಗೆದರು. ಅಳಲಿನ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಾದರೂ ಸ್ತುತಿಯ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ದೇವರೇ, ಹಗಲೂ ರಾತ್ರಿಯೂ ಮೊರೆಯಿಡುತ್ತಿದ್ದೇನೆ ಎಂದು ಆರಂಭವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಪುಸ್ತಕ ಮುಚ್ಚಿದರು. "ಇದೂ ಸತ್ಯವೇದದಲ್ಲಿದೆ" ಎಂದರು, ಅಷ್ಟೇ. ವಿವರಣೆಯಿಲ್ಲ, ಉಪದೇಶವಿಲ್ಲ. ಹೀಗೆ ದೂರುವವರಿಗೂ ದೇವರ ಮುಂದೆ ಜಾಗವಿದೆ ಎಂಬುದು ನನಗೆ ಹೊಸ ಸುದ್ದಿ.

ಬೆಳಗಿನ ಜಾವ ಅಪ್ಪ ಹೋದರು. "ಅಷ್ಟೊಂದು ಜನ ಪ್ರಾರ್ಥಿಸಿದಿರಲ್ಲ, ಏನಾಯಿತು?" ಎಂದು ಆ ಕಾರಿಡಾರಿನಲ್ಲಿ ಕೂಗಿದೆ. ಅಕ್ಕ, "ಗೊತ್ತಿಲ್ಲಮ್ಮ" ಎಂದರು. ಕೈ ಬಿಡಲಿಲ್ಲ. ಆ ಪ್ರಶ್ನೆ ನನ್ನಲ್ಲಿ ಇನ್ನೂ ಇದೆ. ದೀಕ್ಷಾಸ್ನಾನದ ನೀರು ಅದನ್ನೇನೂ ತೊಳೆದುಕೊಂಡು ಹೋಗಿಲ್ಲ. ಕೆಲವು ಬೆಳಗ್ಗೆ ಅಪ್ಪನ ಕನ್ನಡಕದ ಡಬ್ಬಿ ಕಣ್ಣಿಗೆ ಬಿದ್ದರೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ.

ನಂಬಿಕೆ ಸಾಲದ್ದಕ್ಕೆ ಹೀಗಾಯಿತು ಎಂದು ಆಮೇಲೆ ಯಾರೋ ಒಬ್ಬರು ಹೇಳಿದರು. ಅದನ್ನು ಅಕ್ಕನಿಗೆ ಒಪ್ಪಿಸಿದಾಗ ಅವರಿಗೆ ನನಗಿಂತ ಹೆಚ್ಚು ಕೋಪ ಬಂತು. "ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಬಾಯಿ ಮುಚ್ಚಿಕೊಂಡು ಅವನ ಜೊತೆ ನೆಲದ ಮೇಲೆ ಕೂತರು. ಆಮೇಲೆ ಬಾಯಿ ತೆರೆದು ತಪ್ಪು ಅವನದೇ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು" ಎಂದರು. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಮತ್ತೆ ಬದುಕಿಸಿ ಎಬ್ಬಿಸಲಿದ್ದೇನೆಂದು ತಿಳಿದಿದ್ದೂ ಯೇಸು ಅವನಿಗಾಗಿ ಅತ್ತದ್ದನ್ನು ತೋರಿಸಿ, ಅಳುವುದು ಅಪನಂಬಿಕೆಯಲ್ಲ ಎಂದವರೂ ಅವರೇ.

ನಿಮ್ಮ ಸುವಾರ್ತೆಯೆಂದರೆ ಏನು ಎಂದು ನಾನಾಗಿ ಕೇಳುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಅಲ್ಲಿಯವರೆಗೆ ಯಾಕೆ ಸುಮ್ಮನಿದ್ದಿರಿ ಎಂದದ್ದಕ್ಕೆ ಸತ್ಯವೇದದಲ್ಲಿ ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯ ತೆರೆದಿಟ್ಟರು: ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ. ಸಿದ್ಧರಾಗಿದ್ದರು ಎನ್ನುವುದಂತೂ ನಿಜ. ಮೊದಲ ಕಾಲದ ಕ್ರೈಸ್ತ ದಂಪತಿ ಪ್ರಿಸ್ಕಿಲ್ಲ ಮತ್ತು ಅಕ್ವಿಲರು ಅಪೊಲ್ಲೋಸನೆಂಬ ಬೋಧಕನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಬಿಡಿಸಿ ಹೇಳಿದಂತೆ, ಅಕ್ಕ ಮತ್ತು ಅವರ ಯಜಮಾನರು ನನ್ನನ್ನು ಮನೆಯಲ್ಲಿ ಕೂರಿಸಿಕೊಂಡು ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯನ್ನು ಓದಿಸಿದರು, ವಾರಕ್ಕೊಂದು ಅಧ್ಯಾಯದಂತೆ 16 ಅಧ್ಯಾಯ. ಒಂಬತ್ತನೆಯದರಲ್ಲಿ, ಮಗನ ಕಾಯಿಲೆಯಿಂದ ಸೋತುಹೋದ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗುತ್ತಾನೆ. ಭಾನುವಾರ ಸಭೆಯ ಮುಂದೆ ನನ್ನ ನಂಬಿಕೆಯ ಸಾಕ್ಷಿ ಹೇಳುವಾಗ ನಾನು ಹೇಳಿದ್ದೂ ಅದನ್ನೇ. ಬಂಧನದ ರಾತ್ರಿ ಯೇಸು ಪ್ರಾರ್ಥಿಸುತ್ತಿದ್ದ ಗೆತ್ಸೇಮನೆಯಲ್ಲಿ, ಎಚ್ಚರವಾಗಿರಿ ಎಂದಿದ್ದರೂ ಶಿಷ್ಯರು ನಿದ್ದೆಹೋದ ಭಾಗ ಬಂದಾಗ ಅಕ್ಕ, "ಇದು ನನ್ನ ಕಥೆ. ಆ ರಾತ್ರಿ ಮೂರು ಗಂಟೆಗೆ ನಾನೂ ತೂಕಡಿಸಿದೆ, ನೀನು ನೋಡಲಿಲ್ಲ" ಎಂದು ನಕ್ಕರು. ನೋಡಿದ್ದೆ ಅಕ್ಕ. ನಿಮ್ಮ ತಲೆ ನನ್ನ ಭುಜದ ಮೇಲೇ ಇತ್ತು.

ನನ್ನ ಕಚೇರಿಯಲ್ಲಿ ಒಬ್ಬರ ಮನೆಯಲ್ಲಿ ಈಗ ಇಂಥದ್ದೇ ಕಷ್ಟ. ಹೋಗಿ ಕೂತು ಬರುತ್ತಿದ್ದೆ, ಬಾಯಿ ಮುಚ್ಚಿಕೊಂಡೇ. ಮೊನ್ನೆ ಅವರೇ, "ನಿಮಗೆ ಇದನ್ನೆಲ್ಲ ತಡೆದುಕೊಳ್ಳಲು ಹೇಗಾಯಿತು?" ಎಂದು ಕೇಳಿದರು. ತಡೆದುಕೊಂಡಿಲ್ಲ ಎಂಬಲ್ಲಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾರ್ಕನನ್ನು ಓದಿ ನೋಡುತ್ತೇನೆ ಎಂದಿದ್ದಾರೆ. ಅವರ ಪ್ರಶ್ನೆಗಳು ನನ್ನವಕ್ಕಿಂತ ಚೂಪು. ಅಕ್ಕ, ಎರಡನೆಯ ಅಧ್ಯಾಯದ ಹೊತ್ತಿಗೆ ನಿಮ್ಮ ಮನೆ ಬಾಗಿಲು ತಟ್ಟುತ್ತೇನೆ, ಯಜಮಾನರಿಗೂ ಹೇಳಿಡಿ.